ಸಹಾಯ ಬೇಕು: ಸೈಡ್‌ಕಾರ್ ಬುಲೆಟ್‌ನಲ್ಲಿ ಒಬ್ಬನೇ ಥಾರ್ ಮರುಭೂಮಿಗೆ

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ಅರೇಬಿಕಾ ಕೊಯ್ಲು ಮುಗಿಸಿ, ಜನವರಿ ಕೊನೆಗೆ ಸೈಡ್‌ಕಾರ್ (ಬೈಕಿನ ಎಡಪಕ್ಕಕ್ಕೆ ಜೋಡಿಸುವ ಒಂಟಿ ಚಕ್ರದ ಕೂರುವ ತೊಟ್ಟಿ) ಕಟ್ಟಿಸಿದ ಬುಲೆಟ್‌ನಲ್ಲಿ ಒಬ್ಬನೇ ಹೊರಡುತ್ತಿದ್ದೇನೆ. ಮೊದಲು ಗುಜರಾತಿನ ಕಚ್ಛ್ ಕಡೆಯ ಭುಜ್, ಖಾವ್ಡಾ, ಧೋಲಾವೀರಾ, ಆಮೇಲೆ ರಾಜಸ್ಥಾನದ ಬಾರ್ಮೇರ್, ಜೈಸಲ್ಮೇರ್, ತನೋಟ್. ಆರ್‌ಸಿಯಲ್ಲಿ ಸೈಡ್‌ಕಾರ್ ನಮೂದಾಗಿದೆ, ಆ ಚಿಂತೆ ಇಲ್ಲ.

ಸಂಪಾಜೆ ಘಾಟಿಯಲ್ಲಿ ಓಡಿಸಿ ಗಾಡಿ ಕೈಗೆ ಹತ್ತಿದೆ. ರೇಸ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ. ಎಡ ತಿರುವಿನಲ್ಲಿ ಪಕ್ಕದ ಚಕ್ರ ಮೇಲೇಳದಂತೆ ಸೈಡ್‌ಕಾರಿನಲ್ಲಿ ಭಾರ ಇಟ್ಟುಕೊಂಡಿರಬೇಕು. ಆದರೆ ಇದೆಲ್ಲ ಡಾಂಬರಿನ ಮಾತು. ಕಲಿಯೋಣ ಅಂದರೆ ನಮ್ಮ ಕೊಡಗಿನಲ್ಲಿ ಅಂಥ ಮರಳು ಎಲ್ಲಿದೆ? ಜೀಪು ಹೋದ ಜಾಡಿನಲ್ಲಿ ಈ ಗಾಡಿಯ ಅಗಲ ಸರಿಯಾಗಿ ಕೂರುವುದಿಲ್ಲ. ಎಲ್ಲ ಭಾರವನ್ನೂ ಒಂದೇ ಹಿಂಚಕ್ರ ಎಳೆಯಬೇಕು. ಹೂತರೆ ತಳ್ಳಲು ಇನ್ನೊಬ್ಬರಿಲ್ಲ.

ಮರಳಿನಲ್ಲಿ ಓಡಿಸಿದವರು ದಯವಿಟ್ಟು ಹೇಳಿ: ಮೂರು ಟೈರಿಗೂ ಗಾಳಿ ಎಷ್ಟೆಷ್ಟು ಇಳಿಸಬೇಕು? ತುಂಬ ಇಳಿಸಿದರೆ ಟ್ಯೂಬ್ ಜಾರಿ ವಾಲ್ವ್ ಕಿತ್ತುಬರುವ ಭಯ ನನಗೆ. ಚೈನಿಗೆ ಎಣ್ಣೆ ಹಾಕಿದರೆ ಮರಳು ಅಂಟುತ್ತದೆ, ಹಾಕದಿದ್ದರೆ ಸವೆಯುತ್ತದೆ, ನೀವೇನು ಮಾಡಿದಿರಿ? ಕಚ್ಛ್‌ನ ಉಪ್ಪಿನ ಬಯಲಾದ ರಣ್‌ನಲ್ಲಿ ಮೇಲೆ ಉಪ್ಪು ಒಣಗಿ ಗಟ್ಟಿಯಾಗಿ ಕಂಡರೂ ಕೆಳಗೆ ಕೆಸರು ಇರುತ್ತದೆ, ಹಾಗಾಗಿ ಅಲ್ಲಿ ರಸ್ತೆ ಬಿಟ್ಟು ಇಳಿಯುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಜೈಸಲ್ಮೇರ್‌ನಿಂದ ತನೋಟ್‌ಗೆ ಹೋಗುವ ದಾರಿಯಲ್ಲಿ ರಾಮಗಢ ದಾಟಿದ ಮೇಲೆ ಪೆಟ್ರೋಲ್ ಸಿಗುತ್ತದಾ?

ಎಲ್ಲಕ್ಕಿಂತ ಮುಖ್ಯ, ಸೈಡ್‌ಕಾರಿನ ಜೋಡಣೆಯ ರಾಡ್ ಬಿರುಕು ಬಿಟ್ಟರೆ ಬಾರ್ಮೇರ್, ಜೈಸಲ್ಮೇರ್ ನಡುವೆ ವೆಲ್ಡಿಂಗ್ ಅಂಗಡಿ ಎಲ್ಲೆಲ್ಲಿವೆ? ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲಿ ಸೈಡ್‌ಕಾರ್ ಓಡಿಸಿದ ಹಿರಿಯರು ಯಾರಾದರೂ ಇದ್ದರೆ ತಿಳಿಸಿ, ಗಾಡಿ ಸಮೇತ ನಾನೇ ಬಂದು ತೋರಿಸುತ್ತೇನೆ.