ಸಹಾಯ ಬೇಕು: ದುಬೈಯಲ್ಲೇ ಇರೋದಾ, ಶ್ರೀನಿವಾಸಪುರಕ್ಕೆ ವಾಪಸ್ ಬರೋದಾ?

ಎಲ್ಲರಿಗೂ ನಮಸ್ಕಾರ. ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ದುಬೈಯಲ್ಲಿ ಗೋದಾಮಿನ ಸೂಪರ್‌ವೈಸರ್ ಆಗಿದ್ದೀನಿ. ಮಗ ಸಿಬಿಎಸ್‌ಇ ಎಂಟನೇ ಕ್ಲಾಸು. ಒಂಬತ್ತಕ್ಕೆ ಸೇರಿದ ಮೇಲೆ ಸ್ಕೂಲು ಬದಲಾಯಿಸೋದು ತಲೆನೋವು, ಹಾಗಾಗಿ ಏಪ್ರಿಲ್ ಒಳಗೆ ತೀರ್ಮಾನ ಆಗಬೇಕು.

ಅಪ್ಪನಿಗೆ ಮೊಣಕಾಲು ನೋವು. ವಿಡಿಯೋ ಕಾಲಲ್ಲಿ ಮಾವಿನ ಹೂವು ತೋರಿಸಿ "ಜಿಗಿಹುಳ ಬಿದ್ದೈತೆ ಕಣೋ, ಔಷಧಿ ಹೊಡೆಯೋರು ಸಿಗ್ತಿಲ್ಲ" ಅಂತಾರೆ. ಬಾ ಅಂತ ಮಾತ್ರ ಅನ್ನಲ್ಲ. (ಅಮ್ಮ ನೇರವಾಗೇ ಬೈತಾರೆ.) ತೋತಾಪುರಿ ರೇಟು ನಂಬಿಕೊಂಡು ಸಂಸಾರ ನಡೆಯಲ್ಲ.

ನಮ್ಮ ಜಿಲ್ಲೆಯ ನರಸಾಪುರ, ವೇಮಗಲ್ ಫ್ಯಾಕ್ಟರಿಗಳಲ್ಲಿ ನಲವತ್ತು ದಾಟಿದವನಿಗೆ ಗೋದಾಮಿನ ಕೆಲಸ ಸಿಗುತ್ತಾ? ಸಂಬಳ ಎಷ್ಟು? ದುಬೈಯ ಗ್ರಾಚುಟಿ (ಕೆಲಸ ಬಿಟ್ಟಾಗ ಕಂಪನಿ ಕೊಡೋ ಹಣ) ಮೊದಲ 5 ವರ್ಷ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲೆ 30 ದಿನದ್ದು. ಅದು ಕೈಗೆ ಬರುತ್ತೆ. ಎನ್‌ಆರ್‌ಇ ಎಫ್‌ಡಿಯನ್ನ (ಹೊರದೇಶದ ದುಡಿಮೆಯನ್ನ ಭಾರತದ ಬ್ಯಾಂಕಲ್ಲಿ ಇಟ್ಟ ಠೇವಣಿ) ವಾಪಸ್ ಬಂದಮೇಲೆ ಆರ್‌ಎಫ್‌ಸಿ ಖಾತೆಗೆ (ವಾಪಸ್ ಬಂದವರು ವಿದೇಶಿ ಕರೆನ್ಸಿಯಲ್ಲೇ ಹಣ ಇಡೋ ಖಾತೆ) ಹಾಕಿದ್ರಾ, ಊರಿನ ಮಾಮೂಲಿ ಖಾತೆಗಾ?

ಗಲ್ಫಿಂದ ಬಂದ ಕೋಲಾರ, ಮುಳಬಾಗಿಲು ಕಡೆಯೋರು ಹೇಳಿ. "ಊರೇ ಚೆಂದ" ಅನ್ನೋದು ಬೇಡ, ತಿಂಗಳ ಖರ್ಚಿನ ಲೆಕ್ಕ ಕೊಡಿ ಸಾಕು.