ಗಾಂಜಾ ಸೈಕೋಸಿಸ್ ಜೀನ್ ಕೆಡಿಸುತ್ತಾ?

ಪ್ರಶ್ನೆ: ಚಿಕ್ಕಮ್ಮನ ಮಗ ಗಾಂಜಾ ಸೇದಿ, ಆಫ್ ಮಾಡಿದ್ದ ಟಿವಿಯೂ ತನ್ನ ಬಗ್ಗೆಯೇ ಮಾತಾಡುತ್ತಿದೆ ಅಂತಿದ್ದ, ಅಂದರೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪೋದು). ಈಗ ಆರಾಮಿದ್ದಾನೆ. ಜೀನ್ ಕೆಟ್ಟು ಮುಂದೆ ಸ್ಕಿಜೋಫ್ರೇನಿಯಾ (ಇಂಥ ಭ್ರಮೆಗಳು ಬಹುಕಾಲ ಕಾಡೋ ಮಾನಸಿಕ ಕಾಯಿಲೆ) ಆಗುತ್ತಾ?

ಉತ್ತರ 1: ಜೀನ್ ಕೆಡಲ್ಲ. ಡಿಎನ್‌ಎ ಅಕ್ಷರಗಳು ಹಾಗೇ ಇರುತ್ತವೆ, ಮೇಲೆ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡು ಕೆಲವು ಜೀನ್‌ಗಳ ಕೆಲಸ ತಗ್ಗಿಸಬಹುದು ಅಷ್ಟೇ. ಸ್ಕಿಜೋಫ್ರೇನಿಯಾ ಇದ್ದವರು ತೀರಿಕೊಂಡ ಮೇಲೆ ಮಿದುಳು ನೋಡಿದಾಗ ರೀಲಿನ್ ಅನ್ನೋ ಪ್ರೋಟೀನ್ (ಮಿದುಳಿನ ನರಕೋಶಗಳ ಜೋಡಣೆಗೆ ನೆರವಾಗೋದು) ಕಡಿಮೆ ಇತ್ತು. ಅದನ್ನು ತಯಾರಿಸೋ ಜೀನ್‌ಗೆ ಮೀಥೈಲ್ ಜಾಸ್ತಿ ಅಂಟಿತ್ತು ಅಂತ ಕೆಲವರು ಕಂಡರು, ಎಲ್ಲರಿಗೂ ಕಾಣಲಿಲ್ಲ.

ಉತ್ತರ 2: ಗಾಂಜಾದಿಂದ ಅಂಟಿದ ಮೀಥೈಲ್ ಗುರುತನ್ನು ರಕ್ತದಲ್ಲಿ ಹುಡುಕೋದೂ ಕಷ್ಟ. ಗಾಂಜಾ ಸೇದೋರು ಬೀಡಿ, ಸಿಗರೇಟೂ ಸೇದ್ತಾರಲ್ವಾ, ಅದರ ಗುರುತೇ ದೊಡ್ಡದು.

ಉತ್ತರ 3: ಸುಮ್ನೆ ಜೀನ್ ಟೆಸ್ಟಿಗೆ ದುಡ್ಡು ಹಾಕಬೇಡಿ. ಗಾಂಜಾ ಸೈಕೋಸಿಸ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಮುಂದೆ ಸ್ಕಿಜೋಫ್ರೇನಿಯಾ ಅಂತ 2020ರ ಅಧ್ಯಯನವೊಂದರ ಲೆಕ್ಕ. ಗಾಂಜಾ ಬಿಡಿಸಿ, ಡಾಕ್ಟರ್ ಹತ್ರ ಹೋಗೋದು ತಪ್ಪಿಸಬೇಡಿ.