ಮೆಸ್ಸಿನಾದಲ್ಲಿ ಹಡಗು ಒಂದೇ ದಿನ ನಿಲ್ಲುತ್ತೆ, ತಾವೊರ್ಮಿನಾ ಹತ್ತಿ ಬರ್ಬಹುದಾ? ಅಮ್ಮನಿಗೆ ಊಟ ಏನು?

ಅಡಿಕೆತೋಟ:
ಎಲ್ರಿಗೂ ನಮಸ್ಕಾರ. ಅಕ್ಟೋಬರ್ ಎರಡನೇ ವಾರ ಅಪ್ಪ ಅಮ್ಮನ್ನ ಕರ್ಕೊಂಡು ಮೆಡಿಟರೇನಿಯನ್ ಕ್ರೂಸ್ ಹೋಗ್ತಿದೀವಿ, ನಾನು ಮ್ಯೂನಿಕ್‌ನಲ್ಲಿರೋದು, ಅವ್ರು ಸಾಗರದಿಂದ ಬರ್ತಾರೆ. ಸಿಸಿಲಿಯ ಮೆಸ್ಸಿನಾ ಬಂದರಿಗೆ ಬೆಳಗ್ಗೆ 8ಕ್ಕೆ ಹಡಗು ಬರುತ್ತೆ, ಸಂಜೆ 5:30ರೊಳಗೆ ಎಲ್ರೂ ವಾಪಸ್ ಹತ್ತಿರ್ಬೇಕು. ಹಡಗಿನವರ ಟೂರ್ ಬಸ್ಸಲ್ಲಿ ಹೋದ್ರೆ ಮೂರು ಜಾಗ ಮುಟ್ಟಿಸಿ ಓಡಿಸ್ಕೊಂಡು ಬರ್ತಾರೆ ಅನ್ಸುತ್ತೆ, ಅದು ಬೇಡ, ತಾವೊರ್ಮಿನಾ ಒಂದೇ ಊರು ನಿಧಾನವಾಗಿ ನೋಡಿ ಅಲ್ಲೇ ಊಟ ಮಾಡಿ ಬರೋಣ ಅಂತ ಆಸೆ. ಅದ್ರ ಮೇಲಿರೋ ಕಾಸ್ತೆಲ್ಮೋಲಾ ಅನ್ನೋ ಹಳ್ಳೀನೂ ಸೇರಿಸ್ಬಹುದಾ? ಅಪ್ಪಂಗೆ 68, ಬಲಗಾಲು ಮಂಡಿ ನೋವು, ಮೆಟ್ಟಿಲು ಜಾಸ್ತಿ ಆಗಲ್ಲ. ಅಮ್ಮ ಮೊಟ್ಟೆ ಕೂಡ ತಿನ್ನಲ್ಲ. ಹೋದ ಸಲ ವೆನಿಸ್‌ನಲ್ಲಿ ಇಡೀ ದಿನ ಬಾಳೆಹಣ್ಣು ಬಿಸ್ಕೆಟ್‌ನಲ್ಲೇ ಕಳೆದ್ರು, ನಂಗೆ ತುಂಬಾ ಬೇಜಾರಾಗಿತ್ತು, ಈ ಸಲ ಅವ್ರೂ ಕೂತು ಬಾಯ್ತುಂಬಾ ತಿನ್ಬೇಕು.

ಕಾಫಿಹೂವು:
ಖಂಡಿತ ಆಗುತ್ತೆ. ನಾನು ಕತಾನಿಯಾದಲ್ಲಿ ಎರಡು ವರ್ಷ ಓದಿದ್ದು, ತಾವೊರ್ಮಿನಾಗೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ. ಮೆಸ್ಸಿನಾದಿಂದ ಸುಮಾರು 50 ಕಿಲೋಮೀಟರ್. ಟ್ರೇನ್ ಇದೆ ಆದ್ರೆ ಸ್ಟೇಷನ್ ಕೆಳಗೆ ಸಮುದ್ರದ ಪಕ್ಕ, ಊರು ಇರೋದು 200 ಮೀಟರ್ ಮೇಲೆ ಗುಡ್ಡದಲ್ಲಿ, ಅಲ್ಲಿಂದ ಬಸ್ ಹಿಡೀಬೇಕು. ಕೇಬಲ್ ಕಾರ್ ಇದೆ ಅಂತ ಓದಿರ್ತೀರಿ, ಅದು ಹೊರಡೋದು ಮತ್ಸಾರೋ ಅನ್ನೋ ಬೀಚ್ ಹತ್ರದಿಂದ, ಸ್ಟೇಷನ್ ಹತ್ರದಿಂದ ಅಲ್ಲ, ಎಷ್ಟೋ ಜನ ಇಲ್ಲೇ ಏಮಾರ್ತಾರೆ. ಅಪ್ಪಂಗೆ ಮಂಡಿ ನೋವಿದ್ರೆ ಒಂದು ಕಾರ್ ಮಾತಾಡ್ಕೊಂಡು ಹೋಗೋದೇ ಸರಿ.

ಊರೊಳಗೆ ಕಷ್ಟ ಇಲ್ಲ. ಮುಖ್ಯ ಬೀದಿ ಕೋರ್ಸೋ ಉಂಬೆರ್ತೋ, ಒಂದು ತುದೀಲಿ ಮೆಸ್ಸಿನಾ ಬಾಗಿಲು ಇನ್ನೊಂದು ತುದೀಲಿ ಕತಾನಿಯಾ ಬಾಗಿಲು, ಗಾಡಿ ಓಡಾಟ ಇಲ್ಲ, ಹೆಚ್ಚುಕಮ್ಮಿ ಸಮತಟ್ಟು, ಅಪ್ಪ ಆರಾಮಾಗಿ ನಡೀತಾರೆ. ಮೆಟ್ಟಿಲಿರೋದು ಅಡ್ಡ ಓಣಿಗಳಲ್ಲಿ ಮತ್ತೆ ಗ್ರೀಕ್ ಥಿಯೇಟರ್‌ನಲ್ಲಿ. ಆ ಥಿಯೇಟರ್ ಮಾತ್ರ ಬಿಡ್ಬೇಡಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕರು ಶುರು ಮಾಡಿದ್ದು, ಈಗ ಕಾಣೋ ಇಟ್ಟಿಗೆ ಗೋಡೆ ಆಮೇಲೆ ರೋಮನ್ನರು ಕಟ್ಟಿದ್ದು, ರಂಗದ ಹಿಂದಿನ ಗೋಡೆ ನಡುವೆ ಕುಸಿದು ಹೋಗಿದೆ, ಆ ಸಂದಿಯಲ್ಲಿ ಎತ್ನಾ ಜ್ವಾಲಾಮುಖಿ ಹೊಗೆ ಬಿಡ್ತಾ ಕೂತಿರುತ್ತೆ, ಪಕ್ಕದಲ್ಲೇ ನೀಲಿ ಕೊಲ್ಲಿ. ಮೇಲಿನ ಸಾಲಿಗೆ ಹತ್ತೋಕಾಗ್ದಿದ್ರೂ ಪರವಾಗಿಲ್ಲ, ಬೆಳಗ್ಗೆ ಮೊದಲು ಅಲ್ಲಿಗೇ ಹೋಗಿ, ಆಮೇಲೆ ಮೋಡ ಬಂದು ಎತ್ನಾ ತಲೆ ಮುಚ್ಚಿಬಿಡೋದು ಹೆಚ್ಚು.

ಕಾಸ್ತೆಲ್ಮೋಲಾ 529 ಮೀಟರ್ ಎತ್ತರದಲ್ಲಿದೆ, ಬಸ್ ಹೋಗುತ್ತೆ, ಅಲ್ಲಿ ಬಾದಾಮಿ ವೈನ್ ಫೇಮಸ್ಸು. ಚೆನ್ನಾಗಿದೆ ನಿಜ, ಆದ್ರೆ ನಿಮ್ಮ ಸಮಯಕ್ಕೆ ನಾನಾದ್ರೆ ಬಿಟ್ಟುಬಿಡ್ತೀನಿ. ಆ ಎರಡು ಗಂಟೇನ ಪಿಯಾತ್ಸಾ ನೋವೆ ಅಪ್ರೀಲೆ ಅನ್ನೋ ಚೌಕದಲ್ಲಿ ಕಳೀರಿ, ಸಮುದ್ರದ ಮೇಲೆ ಜಗಲಿ ಹಾಕಿದ ಹಾಗಿದೆ.

ಜೋಳದರೊಟ್ಟಿ:
ನಮಸ್ಕಾರ ರೀ. ಊಟದ್ದು ನಾ ಹೇಳ್ತೀನಿ. ಹೋದ ವರ್ಷ ನಮ್ಮವ್ವನ ಕರ್ಕೊಂಡು ಹೋಗಿದ್ವಿ, ಆಕಿನೂ ತತ್ತಿ ಮುಟ್ಟಂಗಿಲ್ಲ. ಕಪೊನಾತಾ ಅಂತ ಒಂದು ಸಿಗತೈತಿ, ಬದ್ನಿಕಾಯಿ ಕರದು ಟೊಮ್ಯಾಟೊ, ಆಲಿವ್, ವಿನೆಗರ್, ಸಕ್ರಿ ಹಾಕಿ ಹುಳಿಸಿಹಿ ಮಾಡಿರತಾರ, ಹುಣಸಿಹಣ್ಣಿನ ಬದಲಿ ವಿನೆಗರ್ ಅಷ್ಟ, ಅವ್ವ ಮೊದಲ ತುತ್ತಿಗೇ "ಇದು ನಮ್ಮ ಗೊಜ್ಜಪಾ" ಅಂದ್ಲು. ತಣ್ಣಗ ಇರತೈತಿ, ಬ್ರೆಡ್ ಜೋಡಿ ತಿನ್ರಿ. ಆಮ್ಯಾಲೆ "ಪಾಸ್ತಾ ಅಲ್ಲಾ ನೋರ್ಮಾ" ಅಂತ ಒಂದು ಪಾಸ್ತಾ, ಅದ್ರಾಗೂ ಬದ್ನಿಕಾಯಿ, ಮ್ಯಾಲೆ ಉಪ್ಪು ಹಾಕಿ ಒಣಗಿಸಿದ ರಿಕೊತ್ತಾ ಚೀಸ್ ತುರದು ಉದುರಿಸಿರತಾರ. ಒಣ ಪಾಸ್ತಾನೋ ಮೊಟ್ಟಿ ಹಾಕಿದ್ದೋ ಕೇಳ್ರಿ.

ಹುಷಾರ್ ಇರಬೇಕಾದ್ದು ಕನ್ನೋಲಿ ಅನ್ನೋ ಸಿಹಿ. ನೋಡಾಕ ಭಾಳ ಛಂದ, ಒಳಗ ಕುರಿಹಾಲಿನ ರಿಕೊತ್ತಾ, ಆದ್ರ ಹೊರಗಿನ ಚಿಪ್ಪಿಗೆ ಹಳೇ ಪದ್ಧತಿಯೊಳಗ ಹಂದಿ ಕೊಬ್ಬು ಹಾಕತಾರ. ಆ ಕೊಬ್ಬಿಗೆ ಸ್ತ್ರುತ್ತೊ ಅಂತಾರ, ಆ ಒಂದು ಪದ ಬರಕೊಳ್ರಿ. ಅರಾನ್ಚೀನೋ ಅನ್ನೋ ಅನ್ನದ ಉಂಡಿಯೊಳಗ ಖೀಮಾ ಇರೋದ ಹೆಚ್ಚು, ಬೆಣ್ಣಿದು ಅಂತ ಹೇಳಿ ಕೊಡೋದ್ರಾಗೂ ಹ್ಯಾಮ್ ಇರತೈತಿ. ಪಾನೆ ಕುನ್ಸಾತು ಅಂತ ಎಣ್ಣಿ ಟೊಮ್ಯಾಟೊ ಹಾಕಿದ ಬ್ರೆಡ್ ತಗೊಂಡ್ರ "ಸೆಂತ್ಸಾ ಅಚ್ಚೂಗೆ" ಅನ್ರಿ, ಇಲ್ಲಂದ್ರ ಸಣ್ಣ ಮೀನ ಹಾಕಿಬಿಡತಾರ. ಇನ್ನ ಅಕ್ಟೋಬರದಾಗ ಡಬ್ಬಗಳ್ಳಿ ಹಣ್ಣು, ನೀವು ಪಾಪಾಸುಕಳ್ಳಿ ಅಂತೀರಲ್ಲ, ಅದರ ಸುಗ್ಗಿ, ಮುಳ್ಳು ಸುಲದು ತಣ್ಣಗ ಮಾಡಿ ಕೊಡತಾರ. ಅಲ್ಲಿ ಅದಕ್ಕ "ಇಂಡಿಯಾದ ಅಂಜೂರ" ಅಂತ ಹೆಸರು, ಬಂದಿದ್ದು ಮಾತ್ರ ಅಮೆರಿಕಾ ಖಂಡದಿಂದ. ಸಣ್ಣಾವ ಇದ್ದಾಗ ಹೊಲದ ಬೇಲಿಯೊಳಗ ಕಿತ್ತು ತಿಂದ ರುಚಿ ಅಲ್ಲಿ ಮತ್ತ ಸಿಕ್ಕಿತು ನನಗ.

ತುಂಗಾತೀರ:
ಒಂದು ವಿಷ್ಯ ಯಾರೂ ಹೇಳಿಲ್ಲ, ವಾಪಸ್ ಬರೋದು. ನಾವು ಟ್ರೇನಲ್ಲೇ ಹೋಗಿದ್ವಿ, ಬರುವಾಗ ಟ್ರೇನ್ 40 ನಿಮಿಷ ಲೇಟು, ಬೋರ್ಡ್‌ನಲ್ಲಿ ಮೊದಲು 10 ಅಂತ ಬಂತು, ಆಮೇಲೆ 25, ಆಮೇಲೆ 40, ನನ್ನ ಹೆಂಡ್ತಿ ಮಗು ಎತ್ಕೊಂಡು ಮಾತೇ ಆಡ್ದೆ ನಿಂತಿದ್ಲು, ಆ ಮುಖ ಇನ್ನೂ ಮರ್ತಿಲ್ಲ. ಹಡಗು ಸಿಕ್ತು, ಮೆಟ್ಟಿಲು ಎಳೆಯೋಕೆ 12 ನಿಮಿಷ ಇತ್ತು. ಹಡಗಿನವರ ಟೂರ್‌ನಲ್ಲಿ ಹೋದವರಿಗಾದ್ರೆ ಕಾಯ್ತಾರೆ, ಸ್ವಂತ ಹೋದವರಿಗೆ ಕಾಯಲ್ಲ. ಕಾರ್ ಆದ್ರೂ 3 ಗಂಟೆಗೆ ತಾವೊರ್ಮಿನಾ ಬಿಟ್ಬಿಡಿ, ಅಪ್ಪ ಅಮ್ಮನ ಪಾಸ್‌ಪೋರ್ಟ್ ಜೊತೇಲೇ ಇರ್ಲಿ. ಊಟಕ್ಕೂ 12:30ಕ್ಕೇ ಕೂತ್ಕೊಳಿ, ಮಧ್ಯಾಹ್ನ ಅಡುಗೆಮನೆ ಮುಚ್ಚಿದ್ರೆ ಮತ್ತೆ ತೆಗೆಯೋದು ರಾತ್ರಿಗೇ.

ಅಡಿಕೆತೋಟ:
ಎಲ್ರಿಗೂ ಮನಸಾರೆ ಥ್ಯಾಂಕ್ಸ್. ಕಾಸ್ತೆಲ್ಮೋಲಾ ಬಿಟ್ವಿ, ಕಾರ್ ನೋಡ್ತೀನಿ, ಸ್ತ್ರುತ್ತೊ ಮತ್ತೆ ಅಚ್ಚೂಗೆ ಚೀಟೀಲಿ ಬರ್ಕೊಂಡೆ. ಫೋನಲ್ಲಿ ಓದಿ ಹೇಳ್ದೆ, ಅಮ್ಮ ಕಪೊನಾತಾಗೆ ಬೆಲ್ಲ ಹಾಕ್ತಾರಾ ಅಂತ ಕೇಳಿದ್ರು. ಸಿಹಿ ಏನಾದ್ರೂ ಇದ್ಯಾ ಅವ್ರಿಗೆ, ಕನ್ನೋಲಿ ಆಗಲ್ಲ ಅಂದ್ಮೇಲೆ?

ಕಾಫಿಹೂವು:
ಬೆಲ್ಲ ಇಲ್ಲ, ಸಕ್ಕರೆ. ಸಿಹಿಗೆ ಗ್ರಾನೀತಾ ಅನ್ನೋ ಐಸ್ ಸಿಹಿ ಇದ್ಯಲ್ಲ, ಅದನ್ನ ನಾನೇ ಮೊದಲು ಹೇಳ್ಬೇಕಿತ್ತು. ಹಿಂದೆ ಎತ್ನಾ ಮೇಲಿನ ಹಿಮಾನ ಗುಂಡಿಗಳಲ್ಲಿ ಬೇಸಿಗೆ ತನಕ ಕಾಪಾಡಿ ನಿಂಬೆರಸ ಬೆರೆಸಿ ಕುಡೀತಿದ್ರಂತೆ, ಅದೇ ಬೆಳೆದು ಇದಾಗಿರೋದು. ಅಮ್ಮಂಗೆ ಬಾದಾಮೀದು ಕೊಡ್ಸಿ, ಬಾದಾಮಿ ಸಕ್ಕರೆ ನೀರು ಅಷ್ಟೇ, ಹಾಲೂ ಇಲ್ಲ, ಬಿಳೀ ಮರಳಿನ ಥರ ಚಮಚದಲ್ಲಿ ನಿಲ್ಲುತ್ತೆ, ಬಾಯಲ್ಲಿಟ್ಟ ತಕ್ಷಣ ಕರಗಿ ಬಾದಾಮಿಯ ಸ್ವಲ್ಪ ಕಹಿ ವಾಸನೆ ಕೊನೇಗೆ ಉಳಿಯುತ್ತೆ. ಜೊತೆಗೆ ಕೊಡೋ ಬ್ರಿಯೋಶ್ ಬನ್‌ನಲ್ಲಿ ಮೊಟ್ಟೆ ಇರುತ್ತೆ, ಅದು ನೀವೂ ಅಪ್ಪನೂ ತಿನ್ನಿ. ಅದ್ರ ತಲೆ ಮೇಲೆ ಒಂದು ಉಂಡೆ ಇರುತ್ತೆ, ತುಪ್ಪೊ ಅಂತಾರೆ, ಅಂದ್ರೆ ತುರುಬು. ಮೊದಲು ತುರುಬು ಮುರಿದು ಗ್ರಾನೀತಾದಲ್ಲಿ ಅದ್ದಬೇಕು. ಬೆಳಗ್ಗೆ ಥಿಯೇಟರ್ ನೋಡಿ ಇಳಿದ ತಕ್ಷಣ ತಿನ್ನಿ, ಅಲ್ಲಿಯವರಿಗೆ ಅದು ತಿಂಡಿ.